ಸಿಂಗಳೀಕ ಮತ್ತು ಕುಂಬಾರ ಕಪ್ಪೆ: ಒಂದೇ ಕಾಡಿನ ಎರಡು ಆತಂಕ

ಪ್ರತಿ ವರ್ಷ ಸೆಪ್ಟೆಂಬರ್ 1ರಿಂದ ಅಕ್ಟೋಬರ್ 4ರ ವರೆಗೆ ನಮ್ಮ ಧರ್ಮಸಭೆ ಸೃಷ್ಟಿಯ ಕಾಲವನ್ನು ಆಚರಿಸುತ್ತದೆ. ಆ ದಿನಗಳಲ್ಲಿ ಧರ್ಮಕೇಂದ್ರಗಳ ಸೂಚನಾ ಫಲಕದಲ್ಲಿ, ಕ್ರಿಸ್ತೋಪದೇಶದ ಮಕ್ಕಳು ಬರೆದ ಚಿತ್ರಗಳಲ್ಲಿ ಹುಲಿ ಇರುತ್ತದೆ, ಆನೆ ಇರುತ್ತದೆ, ನವಿಲು ಇರುತ್ತದೆ. ಕಪ್ಪೆ ಇರುವುದು ಅಪರೂಪ. ಪವಿತ್ರ ಗ್ರಂಥದಲ್ಲೂ ಕಪ್ಪೆಗೆ ಒಳ್ಳೆಯ ಹೆಸರಿಲ್ಲವೆನ್ನಿ. ವಿಮೋಚನಾಕಾಂಡದ 8ನೇ ಅಧ್ಯಾಯದಲ್ಲಿ ಅದು ಫರೋಹನ ಅರಮನೆಗೂ ಅಡುಗೆಮನೆಗೂ ನುಗ್ಗುವ ಪಿಡುಗಾಗಿ ಬರುತ್ತದೆ.

ಅಪಾಯದಲ್ಲಿರುವ ಒಂದು ಸಸ್ತನಿಯನ್ನೂ ಒಂದು ಕಪ್ಪೆಯನ್ನೂ ಪಕ್ಕಪಕ್ಕದಲ್ಲಿಟ್ಟು ನೋಡುವುದು ಈ ಲೇಖನದ ಉದ್ದೇಶ. ಎರಡೂ ದೂರದ ದೇಶದವಲ್ಲ. ಶಿವಮೊಗ್ಗ, ಭದ್ರಾವತಿ ಕಡೆಯ ನಮ್ಮ ಬಂಧುಗಳು ಮದುವೆಗೋ ಸಾಂತ್‌ಮಾರಿ ಹಬ್ಬಕ್ಕೋ ಕರಾವಳಿಗೆ ಇಳಿದು ಬರುವ ದಾರಿಯಲ್ಲೇ ಇವೆರಡೂ ಬದುಕುತ್ತಿವೆ. ಶಿವಮೊಗ್ಗದಿಂದ ಸಾಗರ, ತಾಳಗುಪ್ಪ ದಾಟಿ, ಜೋಗದ ಪಕ್ಕದಿಂದ ಮಾವಿನಗುಂಡಿ ಹಾಯ್ದು ಗೇರುಸೊಪ್ಪೆಯ ಕಡೆಗೆ ಘಾಟಿ ಇಳಿಯುವ ಹೊನ್ನಾವರದ ಹೆದ್ದಾರಿ ಕತ್ತಲೆಕಾನು ಎಂಬ ಕಾಡನ್ನು ಸೀಳಿಕೊಂಡು ಹೋಗುತ್ತದೆ. ಸಿದ್ದಾಪುರ ತಾಲ್ಲೂಕಿಗೆ ಸೇರಿದ ಈ ಕಾಡಿನ ಹೆಸರೇ ಅದರ ವರ್ಣನೆ. ಮಲೆನಾಡಿನವರು ದಟ್ಟವಾದ, ಹಿಂದಿನವರು ದೈವಭಯದಿಂದ ಕಾಯ್ದುಕೊಂಡು ಬಂದ ನಿತ್ಯಹರಿದ್ವರ್ಣದ ಕಾಡಿಗೆ 'ಕಾನು' ಎನ್ನುತ್ತಾರೆ. ಹಗಲಲ್ಲೂ ಬೆಳಕು ಬೀಳದಷ್ಟು ದಟ್ಟವಾದ್ದರಿಂದ ಇದು ಕತ್ತಲೆಕಾನು.

ಈ ಕಾಡಿನ ತಗ್ಗುಗಳಲ್ಲಿ ಹಳ್ಳದ ನೀರು ನಿಧಾನವಾಗಿ ಹರಡಿಕೊಂಡು ವರ್ಷವಿಡೀ ಜೌಗಾಗಿ ನಿಲ್ಲುತ್ತದೆ. ಇಂಥ ಜಾಗವನ್ನು ಸ್ಥಳೀಯರು 'ಜಡ್ಡಿ' ಎಂದು ಕರೆಯುತ್ತಾರೆ. ಇಲ್ಲಿ ಬೆಳೆಯುವುದು ಜಾಯಿಕಾಯಿಯ ಸಂಬಂಧಿಗಳಾದ ರಾಮಪತ್ರೆ ಜಾತಿಯ ಮರಗಳು. ಕೆಸರಿನಲ್ಲಿ ಉಸಿರಾಡಲಿಕ್ಕಾಗಿ ಅವುಗಳ ಬೇರು ಮೊಣಕಾಲಿನಂತೆ ಬಾಗಿ ನೆಲದಿಂದ ಮೇಲೆದ್ದಿರುತ್ತದೆ. ಕುಮಟಾದಲ್ಲಿ ಪ್ರಾಧ್ಯಾಪಕರಾಗಿದ್ದ ಡಾ. ಎಂ.ಡಿ. ಸುಭಾಷ್ ಚಂದ್ರನ್ ಅವರು ದಶಕಗಳ ಕಾಲ ಈ ಕಾನುಗಳನ್ನೂ ಜಡ್ಡಿಗಳನ್ನೂ ಅಧ್ಯಯನ ಮಾಡಿದ್ದಾರೆ. ಕತ್ತಲೆಕಾನಿನ ಹೆಸರನ್ನೇ ಹೊತ್ತ ಒಂದು ಮರವನ್ನು 2000ದಲ್ಲಿ ವಿಜ್ಞಾನಿಗಳು ಹೊಸದಾಗಿ ಗುರುತಿಸಿದರು. ಅಂದರೆ, ಹೆದ್ದಾರಿಯ ಬದಿಯಲ್ಲೇ ನಿಂತಿದ್ದ ಕಾಡಿನ ಮರಕ್ಕೆ ಆ ತನಕ ವಿಜ್ಞಾನದಲ್ಲಿ ಹೆಸರಿರಲಿಲ್ಲ.

ಮರದ ಮೇಲಿನವನು

ಮೊದಲು ಸಿಂಗಳೀಕ. ಕಪ್ಪು ಮೈ, ಮುಖದ ಸುತ್ತ ಬೆಳ್ಳಿ ಬಣ್ಣದ ಕೇಸರ, ಬಾಲದ ತುದಿಯಲ್ಲಿ ಸಿಂಹದ ಬಾಲಕ್ಕಿರುವಂಥ ಕುಚ್ಚು. ಅದೇ ಕಾರಣಕ್ಕೆ ಸಿಂಹಬಾಲದ ಕೋತಿ ಎಂಬ ಹೆಸರೂ ಇದೆ. ಹೆಸರಲ್ಲಿ ಸಿಂಹವಿದ್ದರೂ ಇದು ತನ್ನ ಕುಲದ ಚಿಕ್ಕ ಕೋತಿಗಳಲ್ಲೊಂದು. ಗಂಡು 5ರಿಂದ 10 ಕಿಲೋ ತೂಗಿದರೆ ಹೆಣ್ಣು ಇನ್ನೂ ಹಗುರ. ಜಗತ್ತಿನಲ್ಲಿ ಪಶ್ಚಿಮ ಘಟ್ಟವನ್ನು ಬಿಟ್ಟರೆ ಬೇರೆಲ್ಲೂ ಇದು ಕಾಡುಪ್ರಾಣಿಯಾಗಿ ಇಲ್ಲ. ಕರ್ನಾಟಕ, ಕೇರಳ, ತಮಿಳುನಾಡು ಮೂರೂ ಸೇರಿ ಒಟ್ಟು ನಾಲ್ಕು ಸಾವಿರದ ಆಸುಪಾಸಿನಲ್ಲಿ ಇವೆ ಎಂಬುದು ತಜ್ಞರ ಅಂದಾಜು. ಐ.ಯು.ಸಿ.ಎನ್. ಎಂಬ ಅಂತರರಾಷ್ಟ್ರೀಯ ಸಂಸ್ಥೆಯ ಕೆಂಪು ಪಟ್ಟಿಯಲ್ಲಿ ಇದು 'ಅಪಾಯದಲ್ಲಿರುವ' ಪ್ರಾಣಿ. ನಮ್ಮ ದೇಶದ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಲ್ಲಿ ಹುಲಿಗಿರುವಷ್ಟೇ ರಕ್ಷಣೆ ಇದಕ್ಕೂ ಇದೆ.

ಸಿಂಗಳೀಕದ ಕಷ್ಟ ಅದರ ಬದುಕಿನ ರೀತಿಯಲ್ಲೇ ಇದೆ. ಅದು ಬಹುಪಾಲು ನೆಲಕ್ಕಿಳಿಯದೆ ಮರದಿಂದ ಮರಕ್ಕೆ ಹೋಗುವ ಪ್ರಾಣಿ. ರಸ್ತೆಗೋ ತಂತಿಗೋ ತೋಟಕ್ಕೋ ಎಂದು ಮರಗಳ ನೆತ್ತಿಯ ಚಪ್ಪರ ಕಡಿದುಹೋದರೆ ಈಚೆಯ ಗುಂಪು ಈಚೆ, ಆಚೆಯದು ಆಚೆ. ಹೆಣ್ಣು ಮೊದಲ ಮರಿ ಹಾಕಲು ಆರೇಳು ವರ್ಷ ಬೇಕು. ಒಂದು ಸಲಕ್ಕೆ ಒಂದೇ ಮರಿ, ಮುಂದಿನ ಮರಿಗೆ ಸುಮಾರು ಎರಡೂವರೆ ವರ್ಷದ ಅಂತರ. ಹೀಗಾಗಿ ಬೇಟೆಯಲ್ಲೋ ವಾಹನದಡಿಯೋ ನಾಲ್ಕು ಹೆಣ್ಣು ಸತ್ತರೆ ಆ ಗುಂಪು ಚೇತರಿಸಿಕೊಳ್ಳಲು ಒಂದು ತಲೆಮಾರು ಹಿಡಿಯುತ್ತದೆ.

ಇಷ್ಟೆಲ್ಲ ಇದ್ದರೂ ಸಿಂಗಳೀಕ ಒಂದು ವಿಷಯದಲ್ಲಿ ಅದೃಷ್ಟಶಾಲಿ. ಅದರ ಮುಖ ಒಮ್ಮೆ ನೋಡಿದರೆ ಮರೆಯುವಂಥದ್ದಲ್ಲ. ಕೇರಳದ ಸೈಲೆಂಟ್ ವ್ಯಾಲಿಯಲ್ಲಿ ಅಣೆಕಟ್ಟು ಬೇಡವೆಂಬ ಹೋರಾಟ ನಡೆದಾಗ ಆ ಹೋರಾಟದ ಗುರುತಾದದ್ದು ಈ ಕೋತಿಯೇ. ಅಲ್ಲಿ ಯೋಜನೆ ಕೈಬಿಟ್ಟು, 1985ರಲ್ಲಿ ರಾಷ್ಟ್ರೀಯ ಉದ್ಯಾನವನ್ನು ಉದ್ಘಾಟಿಸಲಾಯಿತು. ನಮ್ಮ ಕಡೆಯಲ್ಲೂ ಅದೇ ಆಯಿತು. ಶಿರಸಿ-ಹೊನ್ನಾವರದ ಕಾಡುಗಳಲ್ಲಿ ಸಿಂಗಳೀಕದ ದೊಡ್ಡ ಸಮೂಹವೊಂದಿದೆ ಎಂದು ವಿಜ್ಞಾನಿಗಳಾದ ಎಚ್.ಎನ್. ಕುಮಾರ ಮತ್ತು ಮೇವಾ ಸಿಂಗ್ 2004ರಲ್ಲಿ ವರದಿ ಮಾಡಿದರು. ಅದಾದ ಮೇಲೆ 2011ರಲ್ಲಿ ಸುಮಾರು 300 ಚದರ ಕಿಲೋಮೀಟರಿನ ಅಘನಾಶಿನಿ ಸಿಂಗಳೀಕ ಸಂರಕ್ಷಿತ ಪ್ರದೇಶ ಘೋಷಣೆಯಾಯಿತು. 2019ರಲ್ಲಿ ಅದನ್ನೂ ಹಳೆಯ ಶರಾವತಿ ಕಣಿವೆ ಅಭಯಾರಣ್ಯವನ್ನೂ ಸುತ್ತಲಿನ ಕಾಯ್ದಿಟ್ಟ ಅರಣ್ಯಗಳನ್ನೂ ಸೇರಿಸಿ 930 ಚದರ ಕಿಲೋಮೀಟರಿನ ಶರಾವತಿ ಕಣಿವೆ ಸಿಂಗಳೀಕ ಅಭಯಾರಣ್ಯವಾಯಿತು. ಈ ಭಾಗದಲ್ಲಿ ಆರೇಳು ನೂರು ಸಿಂಗಳೀಕಗಳಿವೆ ಎಂದು ಎಣಿಕೆಗಳು ಹೇಳುತ್ತವೆ. ಅದರ ಊಟ ನಮ್ಮ ಊಟಕ್ಕೂ ಸಂಬಂಧಪಟ್ಟದ್ದು. ಘಟ್ಟದ ಜನ ಹುಳಿಗಾಗಿಯೂ ವ್ಯಾಪಾರಕ್ಕಾಗಿಯೂ ಸಂಗ್ರಹಿಸುವ ಉಪ್ಪಾಗೆ ಹಣ್ಣು ಸಿಂಗಳೀಕಕ್ಕೂ ಪ್ರಿಯ. ಮನುಷ್ಯ ಮರವನ್ನೇ ಬೋಳಿಸಿದರೆ ಅದಕ್ಕೆ ಉಪವಾಸ.

ನೀರ ಬದಿಯವನು

ಇನ್ನು ಕಪ್ಪೆ. ಇದೇ ಕತ್ತಲೆಕಾನಿನ ಹಳ್ಳದಲ್ಲಿ, ಸಿಂಗಳೀಕ ಹಾರಾಡುವ ಮರಗಳ ಬುಡದಲ್ಲೇ, ರಾತ್ರಿ ಹೊತ್ತು ಕೂಗುವ ಕಪ್ಪೆಯೊಂದನ್ನು ಡಾ. ಕೆ.ವಿ. ಗುರುರಾಜ ಮತ್ತು ಸಂಗಡಿಗರು ಅಧ್ಯಯನ ಮಾಡಿದರು. 2014ರಲ್ಲಿ ಅದಕ್ಕೆ ವೈಜ್ಞಾನಿಕ ಹೆಸರಿಟ್ಟರು: ನಿಕ್ಟಿಬಟ್ರಾಕಸ್ ಕುಂಬಾರ. ಆದಿಕಾಂಡದ 2ನೇ ಅಧ್ಯಾಯದಲ್ಲಿ ದೇವರು ಪ್ರಾಣಿಗಳನ್ನು ಮನುಷ್ಯನ ಬಳಿಗೆ ತಂದು, ಅವನು ಏನೆಂದು ಹೆಸರಿಡುವನೋ ನೋಡಿದರಂತೆ. ಆ ಕೆಲಸ ಇನ್ನೂ ಮುಗಿದಿಲ್ಲವೆಂಬುದಕ್ಕೆ ಈ ಕಪ್ಪೆ ಸಾಕ್ಷಿ. ಲ್ಯಾಟಿನ್ ಮಾದರಿಯ ಹೆಸರಿನೊಳಗೆ ನಮ್ಮ ಕನ್ನಡದ ಕುಂಬಾರ ಕುಳಿತಿರುವುದು ಸಂತೋಷದ ಸಂಗತಿಯೇ.

ಕುಂಬಾರ ಎಂಬುದು ಬರೀ ಚಂದಕ್ಕೆ ಇಟ್ಟ ಹೆಸರಲ್ಲ. ಸಾಮಾನ್ಯವಾಗಿ ಕಪ್ಪೆಗಳು ನೀರಿನಲ್ಲಿ ಮೊಟ್ಟೆಯಿಟ್ಟು ಹೋಗಿಬಿಡುತ್ತವೆ. ಗದ್ದೆಯ ಕಪ್ಪೆ ಒಂದೇ ಸಲಕ್ಕೆ ಸಾವಿರಗಟ್ಟಲೆ ಮೊಟ್ಟೆಯಿಡುವುದುಂಟು, ಅವುಗಳಲ್ಲಿ ಬದುಕಿದ್ದು ಬದುಕಿತು. ಕುಂಬಾರ ಕಪ್ಪೆಯದು ಹಾಗಲ್ಲ. ಮಳೆಗಾಲದ ರಾತ್ರಿ ಗಂಡು ಹಳ್ಳದ ಬದಿಯಲ್ಲಿ ಕೂಗಿ ಹೆಣ್ಣನ್ನು ಕರೆಯುತ್ತದೆ. ನೀರಿನ ಮೇಲಕ್ಕೆ ಚಾಚಿದ ಕಡ್ಡಿ, ಬೇರುಗಳ ಮೇಲೆ ಮೊಟ್ಟೆಯಿಡುವಾಗ ಅವು ಮುಂಗಾಲೂರಿ ಕೈಗಳ ಮೇಲೆ ನಿಲ್ಲುತ್ತವೆ. ಸರ್ಕಸ್ಸಿನವರು ತಲೆಕೆಳಗಾಗಿ ನಿಂತಂತೆ. ಮೊಟ್ಟೆಗಳು ಸಾವಿರದ ಲೆಕ್ಕದಲ್ಲಿರುವುದಿಲ್ಲ, ಕೆಲವೇ ಹತ್ತು. ಹೆಣ್ಣು ಹೋದ ಮೇಲೆ ಗಂಡಿನ ಕೆಲಸ ಶುರು. ಅದು ಹಳ್ಳದ ತಳದಿಂದ ತನ್ನ ಎರಡೂ ಮುಂಗೈಗಳಲ್ಲಿ ಕೆಸರನ್ನು ಬಾಚಿ ತಂದು ಮೊಟ್ಟೆಗಳ ಮೇಲೆ ಮೆತ್ತುತ್ತದೆ. ಮತ್ತೆ ಹೋಗುತ್ತದೆ, ಮತ್ತೆ ತರುತ್ತದೆ. ಮೊಟ್ಟೆ ಒಣಗದಿರಲಿ, ವೈರಿಯ ಕಣ್ಣಿಗೆ ಬೀಳದಿರಲಿ ಎಂಬುದು ಇದರ ಪ್ರಯೋಜನವಿರಬೇಕೆಂದು ಸಂಶೋಧಕರು ಹೇಳಿದ್ದಾರೆ. ಮರಿ ಹೊರಬಂದಾಗ ಕೆಳಗಿನ ನೀರಿಗೆ ಬೀಳುತ್ತದೆ. ಕೈಯಲ್ಲಿ ಮಣ್ಣು ತಂದು ಮೊಟ್ಟೆಗೆ ಗಿಲಾವು ಮಾಡುವ ಇಂಥ ಕಪ್ಪೆಯನ್ನು ಅದಕ್ಕೆ ಮೊದಲು ಯಾರೂ ದಾಖಲಿಸಿರಲಿಲ್ಲ.

ಈ ಇಡೀ ಕೆಲಸಕ್ಕೆ ಏನೇನು ಬೇಕೆಂದು ಎಣಿಸಿ ನೋಡೋಣ. ಕೆಸರು ಬೇಕು, ಆದರೆ ಗುಡ್ಡ ಕೊರೆದು ಬಂದ ಕೆಂಪು ಹೂಳು ಆಗದು. ಮೊಟ್ಟೆಯ ಕೆಳಗೆ ನೀರು ಇರಲೇಬೇಕು, ಆದರೆ ಮೊಟ್ಟೆಯನ್ನು ಕೊಚ್ಚಿಕೊಂಡು ಹೋಗುವಷ್ಟು ಏರಬಾರದು. ಕಡ್ಡಿ, ಬೇರು, ತರಗೆಲೆ ದಂಡೆಯಲ್ಲಿರಬೇಕು, ಮೇಲೆ ನೆರಳಿರಬೇಕು. ಇವೆಲ್ಲ ಕೂಡಿಬರುವ ಜಾಗದ ಅಗಲ ಕೆಲವು ಅಡಿಗಳು ಮಾತ್ರ. ಇನ್ನೊಂದು ಹಳ್ಳಕ್ಕೆ ಹೋಗೋಣವೆಂದರೆ ಸಿಂಗಳೀಕದಂತೆ ಕಪ್ಪೆ ಹೋಗಲಾರದು. ಅದು ಚರ್ಮದಿಂದಲೂ ಉಸಿರಾಡುವ ಜೀವಿ. ಬಿಸಿಲಿನ ರಸ್ತೆ, ತೆರೆದ ಗುಡ್ಡ ಅದಕ್ಕೆ ನಮ್ಮ ಪಾಲಿನ ಮರುಭೂಮಿಯಿದ್ದಂತೆ. ನೀರಿನಲ್ಲಿ ಕರಗಿದ ಕಳೆನಾಶಕವನ್ನು ನಾವು ಕುಡಿದರೆ ಕೇಡು, ಕಪ್ಪೆಗೆ ಅದರಲ್ಲಿ ಕುಳಿತರೂ ಕೇಡು.

ಹಾಗಾಗಿ ಲೋಕದ ಲೆಕ್ಕದಲ್ಲೂ ಕಪ್ಪೆಗಳ ಸ್ಥಿತಿ ಸಸ್ತನಿಗಳಿಗಿಂತ ಕೆಟ್ಟದ್ದು. 2023ರಲ್ಲಿ ಪ್ರಕಟವಾದ ಜಾಗತಿಕ ಅಧ್ಯಯನವೊಂದು 8,000ಕ್ಕೂ ಹೆಚ್ಚು ಉಭಯವಾಸಿ ಪ್ರಭೇದಗಳನ್ನು ಪರಿಶೀಲಿಸಿ, ನೂರಕ್ಕೆ ಸುಮಾರು 41 ಪ್ರಭೇದಗಳು ಅಳಿವಿನ ಅಪಾಯದಲ್ಲಿವೆ ಎಂದಿತು. ಸಸ್ತನಿಗಳಲ್ಲಿ ಈ ಸಂಖ್ಯೆ ನೂರಕ್ಕೆ 27ರಷ್ಟು, ಹಕ್ಕಿಗಳಲ್ಲಿ 13ರಷ್ಟು. ಆದರೂ ನಮ್ಮ ಕನಿಕರದ ಕ್ರಮ ಇದಕ್ಕೆ ತಿರುಗುಮುರುಗು. ದಿವಂಗತ ಪೋಪ್ ಫ್ರಾನ್ಸಿಸ್ ಅವರು 2015ರ 'ಲೌದಾತೋ ಸಿ' ವಿಶ್ವಪತ್ರದ 34ನೇ ಪರಿಚ್ಛೇದದಲ್ಲಿ ಇದನ್ನೇ ಗುರುತಿಸಿದ್ದಾರೆ. ಸಸ್ತನಿ, ಹಕ್ಕಿಗಳು ಕಣ್ಣಿಗೆ ಬೀಳುವುದರಿಂದ ಅವು ಅಳಿದರೆ ನಮಗೆ ನೋವಾಗುತ್ತದೆ, ಆದರೆ ಕಾಣದ ಹುಳು, ಶಿಲೀಂಧ್ರ, ಸರೀಸೃಪಗಳಿಲ್ಲದೆ ಸೃಷ್ಟಿಯ ವ್ಯವಸ್ಥೆ ನಡೆಯದು ಎಂಬುದು ಅಲ್ಲಿನ ಅರ್ಥ. ಅವರ ಪಟ್ಟಿಯಲ್ಲಿ ಕಪ್ಪೆಯ ಹೆಸರಿಲ್ಲ. ನಾವು ಸೇರಿಸಿಕೊಂಡರೆ ತಪ್ಪಾಗದು.

ಒಂದೇ ಕೊಡೆ ಸಾಕೇ?

ಪರಿಸರ ತಜ್ಞರು ಸಿಂಗಳೀಕದಂಥ ಪ್ರಾಣಿಯನ್ನು ಕೊಡೆಗೆ ಹೋಲಿಸುತ್ತಾರೆ. ಅದಕ್ಕಾಗಿ ಕಾಡು ಉಳಿಸಿದರೆ ಅದರಡಿಯಲ್ಲಿ ಸಣ್ಣಪುಟ್ಟ ಜೀವಿಗಳೆಲ್ಲ ಉಳಿಯುತ್ತವೆ ಎಂಬ ವಾದ. ಇದು ಬಹುಮಟ್ಟಿಗೆ ನಿಜ. ಶರಾವತಿ ಕೊಳ್ಳದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯವರು ನಡೆಸಿದ ಅಧ್ಯಯನಗಳ ಪ್ರಕಾರ, ನಿತ್ಯಹರಿದ್ವರ್ಣದ ಕಾಡು ಹೆಚ್ಚಿರುವಲ್ಲಿ ಹಳ್ಳ ಹೆಚ್ಚು ಕಾಲ ಹರಿಯುತ್ತದೆ, ಅಂಥಲ್ಲೇ ಈ ಘಟ್ಟಕ್ಕೆ ಮೀಸಲಾದ ಕಪ್ಪೆಗಳೂ ಹೆಚ್ಚು. ಸಿಂಗಳೀಕದ ಹೆಸರಲ್ಲಿ ಕಾಡು ಉಳಿಯದಿದ್ದರೆ ಕುಂಬಾರನ ಹಳ್ಳವೂ ಉಳಿಯುತ್ತಿರಲಿಲ್ಲ. (ಸಿಂಗಳೀಕ ಸಿಕ್ಕಿದರೆ ಮರಗಪ್ಪೆಯನ್ನು ತಿನ್ನುವುದೂ ಉಂಟು. ಆದರೆ ಅದು ಕಾಡಿನೊಳಗಿನ ವ್ಯವಹಾರ.)

ನಮ್ಮ ಅಭಿಪ್ರಾಯದಲ್ಲಿ ಈ ಕೊಡೆಗೆ ತೂತುಗಳಿವೆ. ಅಭಯಾರಣ್ಯದ ಗಡಿ ಮರವನ್ನು ಕಾಯುತ್ತದೆ. ಆದರೆ ಹಳ್ಳದ ನೀರು ಯಾವ ತಿಂಗಳಲ್ಲಿ ಎಷ್ಟು ಹರಿಯಬೇಕೆಂದು ಯಾವ ಗಡಿಯೂ ಹೇಳುವುದಿಲ್ಲ. ಮರಗಳೆಲ್ಲ ಹಾಗೇ ನಿಂತಿದ್ದರೂ ಮೇಲುಗಡೆ ನೀರನ್ನು ತಿರುಗಿಸಿದರೆ ಸಿಂಗಳೀಕ ಉಳಿದು ಕಪ್ಪೆ ಹೋಗಬಹುದು. ಇದು ಬರೀ ಊಹೆಯಲ್ಲ. ಆಫ್ರಿಕದ ತಾಂಜಾನಿಯದಲ್ಲಿ ಕಿಹಾನ್ಸಿ ಎಂಬ ಜಲಪಾತವಿದೆ. ಅದರ ತುಂತುರು ಬೀಳುವ ಸುಮಾರು ಎರಡು ಹೆಕ್ಟೇರ್ ಹಸಿ ಜಾಗದಲ್ಲಿ ಮಾತ್ರ ಬದುಕಿದ್ದ ಬೆರಳುಗುರಿನಷ್ಟು ಗಾತ್ರದ ಹೊನ್ನಿನ ಬಣ್ಣದ ಕಪ್ಪೆಯನ್ನು 1996ರಲ್ಲಿ ಕಂಡುಹಿಡಿದರು. ಆಗಲೇ ಅಲ್ಲಿ ವಿದ್ಯುತ್ತಿಗಾಗಿ ಅಣೆಕಟ್ಟು ಏಳುತ್ತಿತ್ತು. ನದಿಯ ಬಹುಪಾಲು ನೀರು ಸುರಂಗಕ್ಕೆ ಹೋದಾಗ ತುಂತುರು ನಿಂತಿತು. ಕೃತಕವಾಗಿ ನೀರು ಚಿಮುಕಿಸುವ ಕೊಳವೆಗಳನ್ನು ಹಾಕಿದರು. ಮೇಲೆ ಚರ್ಮದ ಶಿಲೀಂಧ್ರ ರೋಗವೂ ಬಂತು. 2003ರಲ್ಲಿ ಸಂಖ್ಯೆ ಕುಸಿಯಿತು, 2009ರಲ್ಲಿ ಆ ಕಪ್ಪೆ ಕಾಡಿನಿಂದ ಅಳಿದಿದೆ ಎಂದು ಘೋಷಿಸಲಾಯಿತು. ಅಮೆರಿಕದ ಮೃಗಾಲಯಗಳಲ್ಲಿ ಸಾಕಿದ್ದ ಸಂತತಿಯನ್ನು 2012ರಿಂದ ಮತ್ತೆ ಅಲ್ಲಿಗೆ ಬಿಡುವ ಪ್ರಯತ್ನ ನಡೆಯಿತು. ಅಲ್ಲಿ ಕಾಡನ್ನು ಯಾರೂ ಬೋಳಿಸಿರಲಿಲ್ಲ.

ಶರಾವತಿಗೆ ಈ ಮಾತು ಹತ್ತಿರದ್ದು. ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟಿ ಹೊನ್ನಾವರದಲ್ಲಿ ಕಡಲು ಸೇರುವ ಈ ನದಿ ನಾಡಿಗೆ ಬೆಳಕು ಕೊಟ್ಟು ಬಹಳ ಕಾಲವಾಯಿತು. ಜೋಗದ ವಿದ್ಯುದಾಗಾರ 1948ರಲ್ಲಿ ಶುರುವಾಯಿತು, ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ. ಭದ್ರಾವತಿಯ ಕಬ್ಬಿಣದ ಕಾರ್ಖಾನೆ 1923ರಲ್ಲಿ ಆರಂಭವಾದಾಗ ಅದರ ಕುಲುಮೆಗೆ ಮಲೆನಾಡಿನ ಮರದ ಇದ್ದಿಲೇ ಉರುವಲು. ವಿದ್ಯುತ್ ಬಂದ ಮೇಲೆ ಕಾಡಿನ ಮೇಲಿನ ಆ ಭಾರ ಇಳಿದದ್ದೂ ನಿಜ. ಕರಾವಳಿಯಿಂದ ಕೆಲಸ ಹುಡುಕಿಕೊಂಡು ಹೋಗಿ ಭದ್ರಾವತಿಯಲ್ಲಿ ನೆಲೆನಿಂತ ನಮ್ಮ ಕುಟುಂಬಗಳು ಈ ಬೆಂಕಿ-ಬೆಳಕಿನಲ್ಲೇ ಮಕ್ಕಳನ್ನು ಓದಿಸಿದವು. ಆದ್ದರಿಂದ ವಿದ್ಯುತ್ ಯೋಜನೆ ಎಂದ ಕೂಡಲೇ ಪಾಪವೆನ್ನುವ ಮಾತು ನಮ್ಮ ಬಾಯಲ್ಲಿ ಸಲ್ಲದು.

ಈಗ ಮುಂದಿರುವುದು ಶರಾವತಿ ಪಂಪ್ಡ್ ಸ್ಟೋರೇಜ್ ಯೋಜನೆ. ಕರ್ನಾಟಕ ವಿದ್ಯುತ್ ನಿಗಮದ 2,000 ಮೆಗಾವಾಟ್ ಸಾಮರ್ಥ್ಯದ ಪ್ರಸ್ತಾವ ಇದು. ವಿದ್ಯುತ್ ಹೆಚ್ಚಿರುವ ಹೊತ್ತಿನಲ್ಲಿ ಕೆಳಗಿನ ಗೇರುಸೊಪ್ಪೆ ಜಲಾಶಯದ ನೀರನ್ನು ಮೇಲಿನ ತಲಕಳಲೆಗೆ ಎತ್ತುವುದು, ಬೇಡಿಕೆ ಏರಿದಾಗ ಅದೇ ನೀರನ್ನು ಕೆಳಕ್ಕೆ ಬಿಟ್ಟು ವಿದ್ಯುತ್ ತೆಗೆಯುವುದು. ಹೊಸ ಅಣೆಕಟ್ಟು ಬೇಡ, ಬಿಸಿಲು-ಗಾಳಿಯ ವಿದ್ಯುತ್ತನ್ನು ಹೀಗೆ ಕೂಡಿಡಬಹುದು ಎಂಬುದು ಪರವಾಗಿರುವವರ ವಾದ. ಆದರೆ ಸುಮಾರು 54 ಹೆಕ್ಟೇರ್ ಅರಣ್ಯಭೂಮಿ ಬೇಕು, ಸಾವಿರಾರು ಮರ ಹೋಗುತ್ತವೆ, ಅಭಯಾರಣ್ಯದ ಗುಡ್ಡದೊಳಗೆ ಸುರಂಗ ಕೊರೆಯಬೇಕು. 2025ರಲ್ಲಿ ರಾಷ್ಟ್ರೀಯ ವನ್ಯಜೀವಿ ಮಂಡಳಿಯ ಸ್ಥಾಯಿ ಸಮಿತಿ ತಾತ್ವಿಕ ಒಪ್ಪಿಗೆ ಕೊಟ್ಟಿತು. ಅದೇ ವರ್ಷ ಸಾಗರ, ಹೊನ್ನಾವರ ಎರಡೂ ಕಡೆ ಜನ ದೊಡ್ಡ ಪ್ರಮಾಣದಲ್ಲಿ ವಿರೋಧಿಸಿದರು. ಈ ಚರ್ಚೆಯಲ್ಲಿ ಸಿಂಗಳೀಕದ ಹೆಸರು ಎಲ್ಲರ ಬಾಯಲ್ಲೂ ಇದೆ. ಅದರ ಓಡಾಟಕ್ಕೆ ಮರದಿಂದ ಮರಕ್ಕೆ ಸೇತುವೆ ಕಟ್ಟಿಕೊಡಬಹುದು ಎಂದೂ ಹೇಳುವವರಿದ್ದಾರೆ. ಸುರಂಗದಿಂದ ಅಂತರ್ಜಲದ ದಾರಿ ಬದಲಾಗಿ ಜಡ್ಡಿ ಬತ್ತಿದರೆ, ಅಗೆದ ಮಣ್ಣು ಹಳ್ಳಕ್ಕಿಳಿದರೆ, ಕಪ್ಪೆಗೆ ಯಾವ ಸೇತುವೆ ಕಟ್ಟುತ್ತೀರಿ ಎಂಬ ಪ್ರಶ್ನೆಯನ್ನು ಕೇಳಬೇಕಾದವರು ನಾವು. ಪಾಲನಾ ಪರಿಷತ್ತುಗಳು ಇಂಥ ಅಹವಾಲು ಸಭೆಗಳಿಗೆ ಮನವಿ ಬರೆಯುವಾಗ ಈ ಎರಡು ಜೀವಿಗಳನ್ನೂ ಬೇರೆ ಬೇರೆಯಾಗಿ ಹೆಸರಿಸಿ ಬರೆಯುವುದು ಒಳ್ಳೆಯದು, ಏಕೆಂದರೆ ಒಂದಕ್ಕೆ ಕೊಟ್ಟ ಪರಿಹಾರ ಇನ್ನೊಂದಕ್ಕೆ ಪರಿಹಾರವಾಗುವುದಿಲ್ಲ.

ಮನುಷ್ಯರನ್ನು ಬಿಟ್ಟು ಕಪ್ಪೆಯ ಚಿಂತೆಯೇ ಎಂದು ಕೆಲವರು ಕೇಳುವುದುಂಟು. ಪ್ರಶ್ನೆ ನ್ಯಾಯವಾದದ್ದೇ. ಲಿಂಗನಮಕ್ಕಿಗಾಗಿ ಮನೆ-ಗದ್ದೆ ಕಳೆದುಕೊಂಡ ಶರಾವತಿ ಮುಳುಗಡೆ ಸಂತ್ರಸ್ತರಲ್ಲಿ ಅನೇಕರ ಭೂಮಿಯ ಹಕ್ಕಿನ ಪ್ರಶ್ನೆ ಆರು ದಶಕ ಕಳೆದರೂ ಬಗೆಹರಿದಿಲ್ಲ. ಅಭಯಾರಣ್ಯದ ಗಡಿ ಹಿಗ್ಗಿದಾಗ ಅಂಥವರಿಗೇ ಮೊದಲು ಭಯವಾಗುವುದು. ಅವರ ಹಕ್ಕುಪತ್ರಕ್ಕೆ ದನಿಗೂಡಿಸದೆ ಸಿಂಗಳೀಕದ ಪರ ಮಾತ್ರ ಮಾತಾಡಿದರೆ ಆ ಮಾತು ಊರಿನಲ್ಲಿ ಯಾರ ಕಿವಿಗೂ ಬೀಳದು. ಹಳ್ಳ ಬತ್ತಿದರೆ ಕಪ್ಪೆಯ ಜತೆಗೆ ತೋಟ ಬತ್ತುವುದೂ ಅವರದೇ.

ನಮ್ಮ ಕೈಯಲ್ಲಿರುವ ಕೆಲಸಗಳೂ ಎರಡು ಬಗೆಯವು. ಸಿಂಗಳೀಕದ್ದು ಸುಲಭ. ಆಗುಂಬೆ ಘಾಟಿಯಲ್ಲೋ ಜೋಗದ ದಾರಿಯಲ್ಲೋ ಬಸ್ಸು, ಕಾರು ನಿಲ್ಲಿಸಿ ಬಾಳೆಹಣ್ಣು, ಚಿಪ್ಸು ಎಸೆಯಬಾರದು. ಮರ ಬಿಟ್ಟು ರಸ್ತೆಗಿಳಿಯಲು ಕಲಿತ ಗುಂಪು ವಾಹನದಡಿ ಸಾಯುತ್ತದೆ. ವೇಳಾಂಗಣಿಗೋ ಇನ್ನೆಲ್ಲಿಗೋ ಯಾತ್ರೆ ಹೊರಡುವ ಬಸ್ಸಿನಲ್ಲಿ ಜಪಸರದ ಮೊದಲು ಇದನ್ನೊಂದು ಸಲ ಹೇಳಿದರೆ ಸಾಕು. ಕಪ್ಪೆಯದು ಸ್ವಲ್ಪ ಕಷ್ಟ, ಏಕೆಂದರೆ ಅದು ನಮ್ಮ ತೋಟದ ನೀರಿಗೇ ಬರುತ್ತದೆ. ಅಬ್ಬಿ ನೀರಿಗೆ ಪೈಪು ಹಾಕುವವರು ಹಳ್ಳದ ಮೂಲದಿಂದ ಪೂರ್ತಿ ನೀರನ್ನು ಎಳೆಯದೆ ಒಂದು ಪಾಲನ್ನು ಹರಿಯಲು ಬಿಡಬಹುದು. ಹಳ್ಳದ ದಂಡೆಗೆ ಕಳೆನಾಶಕ ಹೊಡೆಯದೆ ಕತ್ತಿಯಲ್ಲಿ ಸವರಬಹುದು. ದಂಡೆಯ ತರಗೆಲೆಯನ್ನೆಲ್ಲ ಗುಡಿಸಿ ಸೊಪ್ಪಿನ ಗುಂಡಿಗೆ ಒಯ್ಯದೆ ನಾಲ್ಕು ಮಾರು ಬಿಡಬಹುದು. ತೋಟದ ದಾರಿಗೆ ಮೋರಿ ಕಟ್ಟುವಾಗ ತಳಕ್ಕೆ ಕಾಂಕ್ರೀಟು ಸುರಿಯದಿದ್ದರೆ ಕೆಸರು ಉಳಿಯುತ್ತದೆ.

ಕರಾವಳಿಯಲ್ಲಿ ಕಪ್ಪೆಯೆಂದರೆ ಕೆಲವರಿಗೆ ಮಳೆಗಾಲದ ಊಟದ ನೆನಪೂ ಬರುತ್ತದೆ. ಅದು ಗದ್ದೆಯ ದೊಡ್ಡ ಕಪ್ಪೆ, ಬೇರೆ ಜಾತಿ. ಅದರ ಕಾಲುಗಳ ರಫ್ತನ್ನು ಸರ್ಕಾರ 1987ರಲ್ಲೇ ನಿಷೇಧಿಸಿತು. ಇದಕ್ಕಿಂತ ಗೌರವದ ನಂಟೊಂದೂ ನಮಗಿದೆ. ಮಂಗಳೂರಿನ ಹೊರವಲಯದ ಅಡ್ಯಾರಿನಲ್ಲಿ ಸಿಕ್ಕ ಕಪ್ಪೆಯೊಂದಕ್ಕೆ 2009ರಲ್ಲಿ ವಿಜ್ಞಾನಿಗಳು ಸಂತ ಅಲೋಶಿಯಸ್ ಕಾಲೇಜಿನ ಗೌರವಾರ್ಥ 'ಅಲೋಶಿಯೈ' ಎಂದು ಹೆಸರಿಟ್ಟರು. 2016ರಲ್ಲಿ ಮಣಿಪಾಲದ ಮುರಕಲ್ಲಿನ ಹುಲ್ಲುಬಯಲುಗಳಿಂದ ಇನ್ನೊಂದು ಪುಟ್ಟ ಕಪ್ಪೆ ವರದಿಯಾಯಿತು. ಒಂದೂವರೆ ಸೆಂಟಿಮೀಟರಿಗಿಂತ ತುಸು ದೊಡ್ಡದು, ಮುರಕಲ್ಲಿನ ಹೆಸರೇ ಅದಕ್ಕೆ. ಜನವಸತಿ ಬೆಳೆಯುತ್ತಿರುವ ಕಡೆಯಲ್ಲೇ ಇರುವುದರಿಂದ ಅದನ್ನು ಅಪಾಯದ ಪಟ್ಟಿಗೆ ಸೇರಿಸಬೇಕೆಂದು ಅದನ್ನು ಕಂಡುಹಿಡಿದವರೇ ಸೂಚಿಸಿದ್ದಾರೆ. ನಮ್ಮ ಅನೇಕ ಇಗರ್ಜಿ, ಶಾಲೆಗಳ ಮೈದಾನವೂ ಅದೇ ಮುರಕಲ್ಲಿನ ನೆಲ. ಅಂಗಳಕ್ಕೆ ಇಂಟರ್‌ಲಾಕ್ ಹಾಸುವ ಮೊದಲು ಜೂನ್ ತಿಂಗಳ ಮಳೆ ಬಂದ ರಾತ್ರಿಯೊಂದರಲ್ಲಿ ಯುವ ಸಂಘದವರು ಟಾರ್ಚು ಹಿಡಿದು ಹುಲ್ಲಿನ ನೀರುಗುಂಡಿಗಳ ಬಳಿ ಕಿವಿಗೊಟ್ಟು ನಿಲ್ಲಬಹುದು. ಅದರ ಕೂಗು ಜೀರುಂಡೆಯ ಸದ್ದಿನಂತೆಯೇ ಕೇಳುವುದರಿಂದ ಮೊದಲಿಗೆ ಕಪ್ಪೆಯೆಂದು ಗೊತ್ತಾಗುವುದಿಲ್ಲ.